ಡೇರೆಗೆ ಹೊಸ್ತಿಲಿಲ್ಲ

ಅಮೃತಹಳ್ಳಿಯಲ್ಲಿ ಯಾರಾದರೂ ಲಕ್ಷ್ಮಿದೇವಮ್ಮನನ್ನು ‘ಎಂಗಿದ್ದೀಯವ್ವ’ ಎಂದು ಕೇಳಿದರೆ ಅವಳು ‘ಇವ್ನಿ ಕಣವ್ವ’ ಎನ್ನುತ್ತಿದ್ದಳು. ಚೆನ್ನಾಗಿದ್ದೇನೆ ಎಂದಾಗಲಿ ಇಲ್ಲವೆಂದಾಗಲಿ ಹೇಳುತ್ತಿರಲಿಲ್ಲ. ಕೇಳಿದವರೂ ಅಷ್ಟಕ್ಕೇ ಬಿಟ್ಟು ಮುಂದೆ ನಡೆಯುತ್ತಿದ್ದರು.

ಬಾಗಲಗುಂಟೆಯಲ್ಲಿ ಹುಟ್ಟಿ, ಇನ್ನೂ ಲಂಗ ಉಡುವ ವಯಸ್ಸಿನಲ್ಲೇ ಚಿಕ್ಕಬೈರಪ್ಪನ ಕೈಹಿಡಿದು ಗಾಡಿ ಹತ್ತಿ ಬಂದವಳು ಅವಳು. ಅಂದಿನಿಂದ ಕೋಳಿಗಿಂತ ಮೊದಲು ಎದ್ದಳು. ಕೊಟ್ಟಿಗೆ ಬಾಚಿ, ಹಾಲು ಕರೆದು, ಹೊಲದ ಸೊಪ್ಪನ್ನು ಕಟ್ಟುಕಟ್ಟಿ ತಲೆಯ ಮೇಲೆ ಹೊತ್ತು ಯಶವಂತಪುರದ ಸಂತೆಗೆ ನಡೆದು, ಹಿಂದಿರುಗಿ ಮುದ್ದೆಗೆ ಎಸರಿಡುವ ಹೊತ್ತಿಗೆ ಜಕ್ಕೂರಿನ ಮೈದಾನದಿಂದ ಏಳುವ ಸಣ್ಣ ವಿಮಾನಗಳು ಹುರುಳಿ ಹೊಲದ ಮೇಲೆ ನೆರಳು ಎಳೆದುಕೊಂಡು ಹೋಗುತ್ತಿದ್ದವು. ಮಕ್ಕಳೆಲ್ಲ ತಲೆ ಎತ್ತಿ ಕೂಗುತ್ತಿದ್ದರು. ಲಕ್ಷ್ಮಿದೇವಮ್ಮ ನೆರಳನ್ನಷ್ಟೇ ನೋಡುತ್ತಿದ್ದಳು. ಕತ್ತು ಎತ್ತುವುದೂ ಒಂದು ಕೆಲಸವೇ.

ಅವಳಿಗೆ ಉಳಿದ ಗಂಡುಮಕ್ಕಳು ಇಬ್ಬರು, ಲಕ್ಕಣ್ಣ ಮತ್ತು ಚನ್ನಕೇಶವ. ಲಕ್ಕಣ್ಣನ ಮದುವೆಯಾಗಿ ಸುಬ್ಬಮ್ಮ ಮನೆ ತುಂಬಿದ ವರ್ಷ ಮಳೆ ಹದವಾಗಿ ಬಿತ್ತು. ಹೊಸ ಸೊಸೆಯನ್ನು ಮೊದಲ ಆಷಾಢಕ್ಕೆ ತವರಿಗೆ ಕಳಿಸುವುದು ಆ ಸೀಮೆಯ ಪದ್ಧತಿ. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ದಾಟಿದರೆ ಮನೆಗೆ ಕೇಡು ಎಂದು ಹಿರಿಯರ ನಂಬಿಕೆ. ಆದರೆ ರಾಗಿ ಬಿತ್ತನೆಗೆ ಕೈ ಸಾಲದೆ ಚಿಕ್ಕಬೈರಪ್ಪ ‘ಇನ್ನೊಂದೆಲ್ಡು ದಿನ ಕಳೀಲಿ’ ಎನ್ನುತ್ತಲೇ ಬಂದ. ಆಷಾಢ ಹಾಗೇ ಕಳೆಯಿತು. ದಸರಾ ಮುಗಿದ ಮೇಲೆ ಲಕ್ಕಣ್ಣ ಜ್ವರ ಬಂದು ಮಲಗಿದವನು ಏಳಲಿಲ್ಲ.

ಊರು ಹಿಂದಕ್ಕೆ ಎಣಿಸಿ ಆಷಾಢವನ್ನು ಹುಡುಕಿಕೊಂಡಿತು. ಮೊದಮೊದಲು ಬಾವಿಕಟ್ಟೆಯಲ್ಲಿ ಹೊಸ್ತಿಲ ದೋಷ ಎಂದರು. ಬರಬರುತ್ತಾ ಅದು ಸುಬ್ಬಮ್ಮನ ಕಾಲ್ಗುಣ ಎಂದಾಯಿತು. ಲಕ್ಷ್ಮಿದೇವಮ್ಮ ಹೌದು ಎನ್ನಲಿಲ್ಲ. ಅಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹುಡುಗಿಯ ಅಣ್ಣಂದಿರು ಬಂದು ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಆ ದಿನ ಒಲೆಯ ಮುಂದೆ ಮತ್ತೆ ಲಕ್ಷ್ಮಿದೇವಮ್ಮನೇ ಕೂತಳು. ಸತ್ತವನಿಗಾಗಿ ಅತ್ತಿದ್ದಳು. ಬದುಕಿದ್ದೂ ಹೋದವಳಿಗಾಗಿ ಹೇಗೆ ಅಳಬೇಕೆಂದು ತಿಳಿಯಲಿಲ್ಲ.

ಅರವತ್ತಮೂರನೇ ಇಸವಿಯ ವೈಶಾಖದಲ್ಲಿ ಚನ್ನಕೇಶವನ ಮದುವೆಯಾಯಿತು. ಹುಡುಗಿ ರಾಜಾನುಕುಂಟೆಯವಳು, ಗಂಗರತ್ನಮ್ಮ. ಎಲ್ಲರೂ ರತ್ನ ಎನ್ನುತ್ತಿದ್ದರು. ತಾಯಿ ಇಲ್ಲದೆ ಅಜ್ಜಿಯ ಮಡಿಲಲ್ಲಿ ಬೆಳೆದ ಹುಡುಗಿ. ಮಾತು ಕಡಿಮೆ, ಆದರೆ ಬೆಳಿಗ್ಗೆ ಅತ್ತೆ ಏಳುವಷ್ಟರಲ್ಲಿ ಕೊಟ್ಟಿಗೆಯಿಂದ ಹಾಲಿನ ಸದ್ದು ಕೇಳಿಸುತ್ತಿತ್ತು. ಆ ಸದ್ದನ್ನು ಕೇಳುತ್ತಾ ಲಕ್ಷ್ಮಿದೇವಮ್ಮ ಕಂಬಳಿಯೊಳಗೇ ಹೆದರಿಕೊಳ್ಳುತ್ತಿದ್ದಳು. ಸೊಸೆ ಅವಳಿಗೆ ಅಷ್ಟು ಹಿಡಿಸಿಬಿಟ್ಟಿದ್ದಳು.

ಮದುಮಕ್ಕಳನ್ನು ಧರ್ಮಸ್ಥಳಕ್ಕೆ ಕರೆತರುತ್ತೇವೆ ಎಂದು ಹರಕೆ ಇತ್ತು. ಚನ್ನಕೇಶವ ಯಶವಂತಪುರದಲ್ಲಿ ಲಾಲ್ ಸಾಬ್ ಅವರ ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದ. ಲಾಲ್ ಸಾಬರ ಹತ್ತಿರ ಒಂದು ಹಳೆಯ ವ್ಯಾನು ಇತ್ತು. ಯುದ್ಧ ಮುಗಿದಾಗ ಜಾಲಹಳ್ಳಿ ಕಡೆ ಮಿಲಿಟರಿಯವರು ಹರಾಜು ಹಾಕಿದ ದಪ್ಪ ಕ್ಯಾನ್ವಾಸಿನ ಡೇರೆಯೂ ಇತ್ತು. ಛತ್ರಗಳಲ್ಲಿ ಯಾಕೆ ನೂಕಾಡಬೇಕು, ಎಲ್ಲಿ ಕತ್ತಲಾಗುತ್ತದೋ ಅಲ್ಲೇ ಡೇರೆ ಹಾಕಿದರಾಯಿತು ಎಂದು ಚನ್ನಕೇಶವ ಹೊರಡಿಸಿದ. ಅಷ್ಟು ದೂರ ಹೋದ ಮೇಲೆ ಉಡುಪಿಯನ್ನೂ ಸಮುದ್ರವನ್ನೂ ನೋಡಿಕೊಂಡೇ ಬರುವುದು ಎಂದ.

‘ನಾನೂ ನೋಡಿಲ್ಲಮ್ಮಾ ಸಮುದ್ರ,’ ಎಂದರು ಲಾಲ್ ಸಾಬ್. ‘ಹಜ್‌ಗೆ ಹೋಗೋರು ಹಡಗು ಹತ್ತೋ ನೀರು ಹೆಂಗಿರುತ್ತೆ, ಒಂದ್ಸಲ ನೋಡ್ಬೇಕು.’

ಚಿಕ್ಕಬೈರಪ್ಪ ಎತ್ತುಗಳನ್ನು ಬಿಟ್ಟು ಬರುವುದಿಲ್ಲ ಎಂದ. ‘ಎಬ್ಬಾಳದ ಕೆರೆ ನೋಡಿಲ್ವೇನೋ? ಅದನ್ನೇ ಒಸಿ ಎಳ್ದವ್ರೆ ಅಷ್ಟೇಯ.’

‘ನೀವು ನೋಡಿದ್ದೀರೇನಪ್ಪ?’ ಎಂದ ಮಗ.

‘ನೋಡಿದ್ರೆ ಮಾತ್ರಾನಾ ಗೊತ್ತಾಗಾದು? ಯೋಚ್ನೆ ಮಾಡಿದ್ರೂ ಗೊತ್ತಾಯ್ತದೆ.’

ಲಕ್ಷ್ಮಿದೇವಮ್ಮ ಒಂದೇ ಮಾತು ಹಿಡಿದಳು. ಜ್ಯೇಷ್ಠದ ಅಮಾವಾಸ್ಯೆಗೆ ಮುಂಚೆ ರತ್ನ ರಾಜಾನುಕುಂಟೆಯಲ್ಲಿ ಅಜ್ಜಿಯ ಮನೆ ಸೇರಿರಬೇಕು. ‘ಆಯ್ತಮ್ಮ, ಇನ್ನೂ ಬೇಕಾದಷ್ಟು ದಿನ ಐತೆ,’ ಎಂದ ಚನ್ನಕೇಶವ. ಮಳೆಗಾಲ ಎಂದು ಯಾರಿಗೂ ಅಳುಕಿರಲಿಲ್ಲ. ಅವರಿಗೆ ಗೊತ್ತಿದ್ದ ಮಳೆ ಸಂಜೆ ಗುಡುಗಿಕೊಂಡು ಬಂದು, ಊಟದ ಹೊತ್ತಿಗೆ ಹೊರಟುಹೋಗುವಂಥದು.

ಧರ್ಮಸ್ಥಳದವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಉಡುಪಿ ದಾಟಿದ ಮೇಲೆ ರಸ್ತೆ ಒಂದು ತಿರುವಿನಲ್ಲಿ ತೆಂಗಿನ ಮರಗಳನ್ನು ಬಿಟ್ಟು ಹೊರಬಂದಿತು. ಎದುರಿಗೆ ಸಮುದ್ರ. ಬೂದಿ ಬಣ್ಣದ ನೀರು ಬೂದಿ ಬಣ್ಣದ ಆಕಾಶಕ್ಕೆ ಹತ್ತಿಕೊಂಡು ನಿಂತಿತ್ತು. ಲಾಲ್ ಸಾಬ್ ವ್ಯಾನು ನಿಲ್ಲಿಸಿದರು. ಲಕ್ಷ್ಮಿದೇವಮ್ಮ ಕೆಳಗಿಳಿದು ಬಹಳ ಹೊತ್ತು ನೋಡಿದಳು.

‘ಇದುಕ್ಕೆ ಕೋಡಿ ಎಲ್ಲೈತೆ?’ ಎಂದಳು ಕೊನೆಗೆ.

‘ಇದಕ್ಕೆ ಕೋಡಿ ಇಲ್ಲಮ್ಮಾ. ತುಂಬಿದ್ರೆ ತಾನೆ ಕೋಡಿ ಬೀಳೋದು,’ ಎಂದರು ಲಾಲ್ ಸಾಬ್.

‘ಇಷ್ಟು ನೀರಿಟ್ಕೊಂಡು ಇನ್ನೂ ತುಂಬಿಲ್ವಾ,’ ಎಂದು ಅವಳು ಮತ್ತೆ ವ್ಯಾನು ಹತ್ತಿದಳು. ಅವಳಿಗೆ ಅದನ್ನು ನೋಡಿಯೇ ಆಯಾಸವಾಗಿತ್ತು. ಒಂದು ಅಲೆ ಬಂದು ಮುಗಿಯುವುದರೊಳಗೆ ಇನ್ನೊಂದು ಬರುತ್ತಿತ್ತು. ಯಾರ ಮನೆಯ ಕೆಲಸವೂ ಹೀಗಿರಬಾರದು.

ಡೇರೆ ಹಾಕಲು ಜಾಗ ನೋಡುತ್ತಾ ಹೋದರೆ ಮುಂದೆ ಒಂದು ದೊಡ್ಡ ಹೊಳೆ. ಸೇತುವೆ ಇರಲಿಲ್ಲ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಮೇಲೆ ವ್ಯಾನನ್ನು ಹತ್ತಿಸಿ ದಾಟಿಸಿದರು. ಆಚೆ ದಡದಿಂದ ಸ್ವಲ್ಪ ದೂರ ಹೋಗಿ, ಸಮುದ್ರ ಕಾಣುವಂತೆ, ಮರಳಿನ ದಿಬ್ಬದ ಮೇಲೆ ಡೇರೆ ಹಾಕಿದರು. ಊರಿನ ಕೆಂಪು ಮಣ್ಣಿನಲ್ಲಿ ಹೊಡೆದ ಗೂಟ ಕೀಳಬೇಕಾದರೆ ಇಬ್ಬರು ಬೇಕು. ಇಲ್ಲಿ ಮರಳಿನಲ್ಲಿ ಗೂಟ ಹೊಡೆದರೆ ಮುಳುಗುತ್ತಿತ್ತು, ಎಳೆದರೆ ಬರುತ್ತಿತ್ತು. ಲಾಲ್ ಸಾಬ್ ಬೈದುಕೊಂಡು ಹಗ್ಗಗಳನ್ನು ತೆಂಗಿನ ಮರಕ್ಕೂ ವ್ಯಾನಿನ ಬಂಪರಿಗೂ ಕಟ್ಟಿದರು. ಗಂಡಸರು ವ್ಯಾನಿನಲ್ಲಿ ಮಲಗುವುದು, ಹೆಂಗಸರು ಡೇರೆಯಲ್ಲಿ ಎಂದಾಯಿತು.

ಆ ರಾತ್ರಿ ಹಿಡಿದ ಮಳೆ ಬೆಳಿಗ್ಗೆ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ಲಕ್ಷ್ಮಿದೇವಮ್ಮ ಮೊದಲು ಕಾದಳು, ಆಮೇಲೆ ಬೈದಳು, ಆಮೇಲೆ ಎರಡನ್ನೂ ಬಿಟ್ಟಳು. ಸೌದೆ ಹೊಗೆಯಾಡುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ. ರಾಗಿಹಿಟ್ಟು ಗಂಟುಕಟ್ಟಿತು. ಉಟ್ಟ ಸೀರೆ ಮೈಮೇಲೆ ಒಣಗಬೇಕು, ಒಣಗುವಷ್ಟರಲ್ಲಿ ಹೊರಗೆ ಹೋಗುವ ಕೆಲಸ ಬರುತ್ತಿತ್ತು. ಉಪ್ಪಿನ ಗಾಳಿ ಕೂದಲನ್ನು ಹಗ್ಗದಂತೆ ಹೊಸೆಯಿತು. ವಾಪಸು ಹೊರಡೋಣ ಎಂದು ಎಲ್ಲ ಕಟ್ಟಿಕೊಂಡು ಹೊಳೆಯ ದಡಕ್ಕೆ ಹೋದರೆ ಜಂಗಲನ್ನು ದಡಕ್ಕೆ ಎಳೆದು ಸರಪಳಿ ಹಾಕಿದ್ದರು. ಹೊಳೆ ಕೆಂಪಗೆ, ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಹರಿಯುತ್ತಿತ್ತು. ಇಳಿಯುವವರೆಗೆ ಯಾರನ್ನೂ ದಾಟಿಸುವುದಿಲ್ಲ ಎಂದರು ದೋಣಿಯವರು. ಘಾಟಿಯ ಕಡೆಯಿಂದ ಸುತ್ತಿ ಹೋಗೋಣವೆಂದರೆ ಅಲ್ಲೂ ರಸ್ತೆಗೆ ಮರ ಬಿದ್ದಿದೆಯಂತೆ. ಮತ್ತೆ ಅದೇ ದಿಬ್ಬಕ್ಕೆ ಬಂದು ಅದೇ ಒದ್ದೆ ಡೇರೆಯನ್ನು ಎತ್ತಿ ನಿಲ್ಲಿಸಿದರು.

ಹೊಳೆ ಇಳಿಯಲಿಲ್ಲ. ಒಂದು ಸಂಜೆ ಲಕ್ಷ್ಮಿದೇವಮ್ಮ ವ್ಯಾನಿನ ಮರೆಯಲ್ಲಿ ಒಲೆ ಊದುತ್ತಾ ಮಗನನ್ನು ಕರೆದಳು.

‘ಇವತ್ತು ಅಮಾಸೆ.’

‘ಗೊತ್ತಮ್ಮ.’

‘ನಾಳೆಯಿಂದ ಆಸಾಡ.’

‘ಅದೂ ಗೊತ್ತು. ಹೊಳೆಗೆ ಹೇಳ್ಳಾ?’

‘ಒಳೆಗಲ್ಲ, ನಿಂಗೆ ಏಳ್ತಾ ಇವ್ನಿ. ಧರ್ಮಸ್ಥಳದಿಂದ್ಲೇ ಇಂದಕ್ಕೆ ಓಗಾನ ಅಂತ ನಾನಂದೆ. ಸಮುದ್ರ ತೋರುಸ್ತೀನಿ ಅಂತ ನೀನಂದೆ. ತೋರಿಸ್ದೆ. ಈಗ ಅದೇ ನಮ್ಮನ್ನ ನೋಡ್ಕೊಂಡು ಕುಂತೈತೆ.’

ಚನ್ನಕೇಶವ ತಲೆ ಕೆಳಗೆ ಹಾಕಿದ. ಅಣ್ಣ ಸತ್ತಾಗ ಅವನಿಗೆ ಎಲ್ಲವೂ ತಿಳಿಯುವ ವಯಸ್ಸು. ರತ್ನ ಡೇರೆಯ ಬಾಯಲ್ಲಿ ನಿಂತಿದ್ದವಳು ಒಳಗೆ ಹೋಗಬೇಕೋ ಹೊರಗೆ ಬರಬೇಕೋ ತಿಳಿಯದೆ ಅಲ್ಲೇ ಉಳಿದಳು.

ವ್ಯಾನಿನ ಕೆಳಗೆ ಒಣ ಜಾಗ ಹುಡುಕಿ ಕೂತಿದ್ದ ಲಾಲ್ ಸಾಬ್ ಕೆಮ್ಮಿದರು. ‘ಅಮ್ಮಾ, ನಂದಲ್ಲದ ವಿಷಯ. ಒಂದು ಮಾತು ಕೇಳ್ಲಾ?’

‘ಕೇಳಿ ಸಾಬ್ರೆ.’

‘ಈ ಹೊಸ್ತಿಲು ಅಂದ್ರೆ, ಮರದ್ದಾ ಕಲ್ಲಿಂದಾ?’

‘ಯಾವ್ದಾದ್ರೇನು. ಬಾಗ್ಲಿಗೆ ಅಡ್ಡ ಇರೋದು.’

‘ನನ್ನ ಡೇರೆಗೆ ಬಾಗ್ಲೂ ಇಲ್ಲ, ಅಡ್ಡಾನೂ ಇಲ್ಲ. ಬಟ್ಟೆ, ಹಗ್ಗ, ಕಂಬ. ಹರಾಜಲ್ಲಿ ಚೆನ್ನಾಗಿ ನೋಡ್ಕೊಂಡೇ ತಗೊಂಡಿದೀನಿ, ಮಿಲಿಟರಿಯವ್ರು ಹೊಸ್ತಿಲು ಕೊಟ್ಟಿಲ್ಲ.’

ರತ್ನ ಫಕ್ಕನೆ ನಕ್ಕಳು. ಮದುವೆಯಾದಾಗಿನಿಂದ ಅವಳು ಬಾಯ್ತುಂಬ ನಕ್ಕದ್ದನ್ನು ಅತ್ತೆ ಕೇಳಿದ್ದು ಅದೇ ಮೊದಲು. ಲಕ್ಷ್ಮಿದೇವಮ್ಮ ಎದ್ದು ಹೋಗಿ ಡೇರೆಯ ಬಾಯನ್ನು ಬಗ್ಗಿ ನೋಡಿದಳು. ಹೊರಗಿನ ಮರಳು ಹಾಗೇ ಒಳಕ್ಕೆ ಹೋಗಿತ್ತು, ಎಲ್ಲಿ ಹೊರಗು ಮುಗಿಯಿತು ಎನ್ನುವ ಗುರುತೇ ಇರಲಿಲ್ಲ. ಅವಳು ಕಾಲಿನಿಂದ ಮರಳನ್ನು ಒಮ್ಮೆ ಸವರಿದಳು.

‘ಸರಿ,’ ಎಂದಳು. ‘ಡೇರೆಗೆ ಒಸ್ತಿಲಿಲ್ಲ. ಆದ್ರೆ ಒಳೆ ಇಳಿಯೋಗಂಟ ಯಾರ ಮನೆಗೂ ಕಾಲಿಡಂಗಿಲ್ಲ. ಎಷ್ಟೇ ಮಳೆ ಉಯ್ಯಲಿ.’

ಹೀಗೆ ಆಷಾಢ ಅವರ ಜೊತೆ ಕ್ಯಾನ್ವಾಸಿನ ಕೆಳಗೆ ಬಂದು ಕೂತಿತು. ಅತ್ತೆ ಸೊಸೆ ಇಬ್ಬರೇ ಅಷ್ಟು ಹತ್ತಿರ, ಅಷ್ಟು ಕೆಲಸವಿಲ್ಲದೆ ಕೂತಿದ್ದು ಮನೆಯಲ್ಲಿ ಎಂದೂ ಆಗಿರಲಿಲ್ಲ. ಮಳೆಯ ಸದ್ದಿಗೆ ಗಟ್ಟಿಯಾಗಿ ಮಾತಾಡಬೇಕಾಗಿದ್ದುದರಿಂದ ರತ್ನಳಿಗೂ ಗಂಟಲು ಬಂತು.

‘ಅತ್ತೆಮ್ಮ, ಸುಬ್ಬಕ್ಕ ಎಂಗಿದ್ರು?’ ಎಂದು ಒಂದು ಬೆಳಿಗ್ಗೆ ಕೇಳಿದಳು.

ಲಕ್ಷ್ಮಿದೇವಮ್ಮ ಗಂಟುಕಟ್ಟಿದ ರಾಗಿಹಿಟ್ಟನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದಳು. ‘ಮುದ್ದೆ ಚೆಂದಾಗಿ ತಿರುವ್ತಿದ್ಲು,’ ಎಂದಳು. ಇನ್ನೊಂದು ಗಂಟು ಒಡೆದು, ‘ನಿನ್ನಂಗೇ ಮಾತು ಕಮ್ಮಿ,’ ಎಂದಳು.

‘ನಮ್ಮಜ್ಜಿ ಏಳಿ ಕಳಿಸವ್ರೆ. ಆಸಾಡದಾಗೆ ಒಂದಿನಾನೂ ಆ ಮನೇಲಿ ಇರಬ್ಯಾಡ, ಆಮೇಲೆ ನಿನ್ನೂ ಗಾಡೀಲಿ ಕಳಿಸ್ತಾರೆ ಅಂತ.’

ಅಜ್ಜಿಯ ಮಾತಿನಲ್ಲಿ ತಪ್ಪು ಹುಡುಕಲು ಲಕ್ಷ್ಮಿದೇವಮ್ಮನಿಗೆ ಆಗಲಿಲ್ಲ. ಹಿಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಗಾಳಿಗೆ ಬುಸುಗುಡುತ್ತಿದ್ದ ಡೇರೆಯ ಗೋಡೆಗೆ ಬೆನ್ನು ಕೊಟ್ಟು ಕೂತಳು. ಬೆನ್ನಿಗೆ ತಣ್ಣಗೆ ನೀರು ಹತ್ತಿತು. ಸರಿದು ಕೂರೋಣವೆಂದರೆ ಸರಿಯುವ ಮನಸ್ಸಾಗಲಿಲ್ಲ.

ಆ ಸಂಜೆಯೇ ರತ್ನಳ ಮೈ ಬೆಚ್ಚಗಾಯಿತು. ಮರುದಿನ ಬೆಳಿಗ್ಗೆ ಕೈಯಿಟ್ಟರೆ ಸುಡುತ್ತಿತ್ತು. ಮೆಣಸು ಕುದಿಸಿ ಕುಡಿಸಿದರೂ ನಿಲ್ಲಲಿಲ್ಲ. ಹೊತ್ತು ಏರಿದಂತೆ ಗಾಳಿ ದಿಕ್ಕು ಬದಲಿಸಿ ನೇರವಾಗಿ ಸಮುದ್ರದ ಕಡೆಯಿಂದ ನುಗ್ಗಿತು. ಗೂಟಗಳು ಒಂದೊಂದಾಗಿ ಎದ್ದು ಬಂದವು. ಚನ್ನಕೇಶವ ಒಂದು ಕಂಬ ತಬ್ಬಿಕೊಂಡ, ಲಕ್ಷ್ಮಿದೇವಮ್ಮ ಇನ್ನೊಂದನ್ನು. ಲಾಲ್ ಸಾಬ್ ಹೊರಗೆ ಹಗ್ಗಕ್ಕೆ ಜೋತುಬಿದ್ದು ‘ಬಿಡಬೇಡ ಬೇಟಾ, ಬಿಡಬೇಡ’ ಎಂದು ಕೂಗುತ್ತಿದ್ದರು. ಯಾರೂ ಬಿಡಲಿಲ್ಲ. ಬಟ್ಟೆಯೇ ಹರಿಯಿತು. ಯುದ್ಧದ ಕಾಲದ ಆ ಕ್ಯಾನ್ವಾಸು ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತಕ್ಕೆ ಸೀಳಿ, ತೆಂಗಿನ ತಲೆಗಳ ನಡುವೆ ಹೋಗಿ ಸಿಕ್ಕಿಕೊಂಡಿತು. ಮಳೆ ನೇರವಾಗಿ ರತ್ನಳ ಮುಖದ ಮೇಲೆ ಬಿತ್ತು. ಅವಳು ಕಣ್ಣು ಬಿಡಲೂ ಇಲ್ಲ.

ಹಳೆಯ ವ್ಯಾನಿನೊಳಗೂ ನೀರು ಸೋರುತ್ತಿತ್ತು. ಚನ್ನಕೇಶವ ಹೆಂಡತಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ರಸ್ತೆಯಾಚೆಯ ತೋಪಿನೊಳಗೆ ಕಂಡ ಹೆಂಚಿನ ಮನೆಯ ಕಡೆಗೆ ಓಡಿದ. ಲಕ್ಷ್ಮಿದೇವಮ್ಮ ಹಿಂದೆ ಓಡಿದಳು. ಓಡುತ್ತಲೇ ಏನೋ ಹೇಳಬೇಕೆಂದು ಬಾಯಿ ತೆರೆದಳು, ಗಾಳಿ ಬಾಯಿಗೆ ತುಂಬಿತು.

ಮನೆಯ ಹೆಂಗಸು ಬಾಗಿಲಲ್ಲೇ ನಿಂತಿದ್ದಳು. ಏನೂ ಕೇಳದೆ ದಾರಿ ಬಿಟ್ಟಳು. ಚನ್ನಕೇಶವ ರತ್ನಳನ್ನು ಒಳಗೆ ಒಯ್ದು ಚಾಪೆಯ ಮೇಲೆ ಮಲಗಿಸಿದ. ಲಕ್ಷ್ಮಿದೇವಮ್ಮ ಜಗಲಿಯವರೆಗೆ ಬಂದವಳು ಅಲ್ಲೇ ನಿಂತಳು. ಬಾ ಎಂದು ಮಗ ಕರೆಯಲಿಲ್ಲ. ಅವನ ಕಣ್ಣು ಒಮ್ಮೆ ತಾಯಿಯ ಕಾಲಿನ ಕಡೆಗೆ, ಒಮ್ಮೆ ಹೊಸ್ತಿಲಿನ ಕಡೆಗೆ ಹೋಯಿತು. ದಪ್ಪ ಹಲಸಿನ ಮರದ ಹೊಸ್ತಿಲು, ನಡುವೆ ಸವೆದು ತಗ್ಗಾಗಿತ್ತು.

‘ಪೇಟೆಗೆ ಹೋಗಿ ಡಾಕ್ಟ್ರನ್ನೋ ಔಷಧಾನೋ ತರ್ತೀವಮ್ಮ,’ ಎಂದ. ‘ವ್ಯಾನು ಹೋಗುತ್ತೆ ಅಂತಾರೆ ಸಾಬ್ರು.’

‘ಈ ಗಾಳೀಲಾ?’

‘ಮತ್ತೆ ಯಾವ ಗಾಳೀಲಿ ಹೋಗ್ಲಿ?’

ಅವರು ಹೋದರು. ಲಕ್ಷ್ಮಿದೇವಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಳು. ಸೂರಿನ ನೀರು ಅವಳ ಮೊಣಕಾಲಿನ ಮೇಲೆ ಸುರಿಯುತ್ತಿತ್ತು. ಮನೆಯವಳು ರತ್ನಳ ಒದ್ದೆ ಸೀರೆ ಬಿಡಿಸಿ ತನ್ನದೊಂದನ್ನು ಸುತ್ತಿ, ಹೊರಗೆ ಬಂದು ಇವಳನ್ನು ಕಂಡು ಬೆರಗಾದಳು.

‘ಹ್ವಾಯ್, ಒಳಗ್ ಬನಿ. ಅಲ್ಲ್ ಕೂಕಂಡ್ರೆ ಗಾಳಿ ಹೊತ್ಕಂಡ್ ಹೋತ್ತ್.’

‘ಇಲ್ಲೇ ಇರ್ತೀನಿ ಕಣವ್ವ. ಆಸಾಡ. ಅವ್ಳು ಒಸ ಸೊಸೆ.’

‘ನಮ್ಮಲ್ಲೂ ಆಸಾಡಿ ಇತ್ತ್ ಮಾರಾಯ್ತಿ. ಜ್ವರಕ್ಕೆ ಆಸಾಡಿ ಗೊತ್ತಿಲ್ಲೆ.’

ಲಕ್ಷ್ಮಿದೇವಮ್ಮ ಒದ್ದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೆಂಗಸು ಒಂದು ಗಳಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳ ಗಂಡ ದೋಣಿ ಎಳೆಯಲು ಹೋಗಿದ್ದ. ಹಿತ್ತಲಲ್ಲಿ ಕೊಟ್ಟಿಗೆಯ ಚಾವಣಿ ಹಾರುತ್ತಿತ್ತು, ಹಸು ಒದರುತ್ತಿತ್ತು. ‘ಒಲೆ ಮೇಲೆ ಗಂಜಿ ಇತ್ತ್. ಕುಡಿಸುದಾದ್ರೆ ಕುಡಿಸಿ, ಇಲ್ದಿದ್ರೆ ಆ ಕಂಬಕ್ಕೆ ಕುಡಿಸಿ,’ ಎಂದು ಮಳೆಗೆ ಹೊದೆಯುವ ಎಲೆಯ ಗೊರಬನ್ನು ತಲೆಗೆ ಹಾಕಿಕೊಂಡು ಹಿತ್ತಲಿಗೆ ಇಳಿದುಹೋದಳು.

ತೆರೆದ ಬಾಗಿಲಿನಿಂದ ಚಾಪೆಯ ತುದಿ, ರತ್ನಳ ಪಾದಗಳು, ಮಸುಕಾಗುತ್ತಿದ್ದ ಅರಿಶಿನ ಕಾಣುತ್ತಿದ್ದವು. ಮಧ್ಯಾಹ್ನವಾಗಿದ್ದರೂ ಒಳಗೆ ಮಬ್ಬು.

‘ಅತ್ತೆಮ್ಮ.’

‘ಇಲ್ಲೇ ಇವ್ನಿ.’

‘ಒಳಕ್ಕೆ ಬರಬ್ಯಾಡಿ.’

‘ಬರಾಕಿಲ್ಲ. ಮಲಿಕ್ಕೊ.’

‘ಬಂದು, ಆಮೇಲೆ ಅವ್ರಿಗೆ ದಾರೀಲಿ ಏನಾನ ಆದ್ರೆ, ನನ್ನ ಕಾಲ್ಗುಣ ಅಂತಾರೆ.’

ಆ ಹುಡುಗಿಗೆ ಹಲ್ಲು ಕಟಕಟನೆ ಬಡಿಯುತ್ತಿತ್ತು. ಲಕ್ಷ್ಮಿದೇವಮ್ಮ ಕಣ್ಣು ಮುಚ್ಚಿದಳು. ಆ ಗಾಳಿಯಲ್ಲಿ, ಮರ ಬೀಳುವ ರಸ್ತೆಯಲ್ಲಿ ಮಗ ಹೋಗಿದ್ದಾನೆ. ತಾನು ಈ ಹೊಸ್ತಿಲು ದಾಟಿ, ಅಲ್ಲಿ ಅವನಿಗೆ ಏನಾದರೂ ಆದರೆ? ದಾಟದೆ ಕೂತು, ಇಲ್ಲಿ ಇವಳಿಗೆ ಏನಾದರೂ ಆದರೆ? ಮಗನ ಬಗ್ಗೆ ಹೆದರಿದಳು. ಸೊಸೆಯ ಬಗ್ಗೆ ಹೆದರಿದಳು. ಮತ್ತೆ ಮಗನ ಬಗ್ಗೆ. ಹೊರಗೆ ಅಲೆಗಳು ಬಂದು ಬಂದು ದಡಕ್ಕೆ ಬೀಳುವುದು ಕೇಳುತ್ತಿತ್ತು. ಮೈಯೆಲ್ಲ ನೀರಾಗಿ, ಕೈಕಾಲು ಮರಗಟ್ಟಿ, ಅವಳಿಗೆ ತನ್ನ ತಲೆಯೇ ಯಾರೋ ಹೊರಿಸಿದ ಹೊರೆಯ ಹಾಗಿತ್ತು.

ಒಳಗೆ ಏನೋ ಉರುಳಿದ ಸದ್ದಾಯಿತು. ರತ್ನ ನೀರಿಗೆಂದು ಎದ್ದವಳು ಗೋಡೆಯನ್ನು ಹಿಡಿಯಲಾರದೆ ಕುಸಿದು, ಕೂತಲ್ಲೇ ವಾಂತಿ ಮಾಡಿಕೊಂಡಳು. ಚೊಂಬು ಉರುಳಿಕೊಂಡು ಹೊಸ್ತಿಲಿಗೆ ಬಡಿದು ನಿಂತಿತು. ಅವಳು ಅತ್ತೆಯನ್ನು ಕರೆಯಲಿಲ್ಲ. ಇಲ್ಲದ ತಾಯಿಯನ್ನೂ ಕರೆಯಲಿಲ್ಲ. ಎರಡು ಕೈಯನ್ನೂ ನೆಲಕ್ಕೂರಿ, ಯಾರಿಗೂ ತೊಂದರೆಯಾಗಬಾರದು ಎನ್ನುವ ಹಾಗೆ ಸದ್ದಿಲ್ಲದೆ ಓಕರಿಸಿದಳು.

ಲಕ್ಷ್ಮಿದೇವಮ್ಮ ಎದ್ದಳು. ಧೈರ್ಯ ಮಾಡಿದಳು ಎಂದು ಆಮೇಲೆ ಯಾರಾದರೂ ಹೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ. ಹೆದರುವುದಕ್ಕೂ ಮೈಯಲ್ಲಿ ಕಸುವು ಬೇಕು, ಅವಳಲ್ಲಿ ಅದು ಮುಗಿದುಹೋಗಿತ್ತು. ಉಳಿದಿದ್ದ ಅಷ್ಟಿಷ್ಟು ಶಕ್ತಿಯಲ್ಲಿ ಒಂದು ಕೆಲಸ ಮಾಡಬಹುದಾಗಿತ್ತು, ಎರಡಲ್ಲ. ಒದ್ದೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ಹೊಸ್ತಿಲನ್ನು ನೋಡದೆ, ಅವಳು ಒಳಗೆ ಹೋದಳು.

ಹೋದ ಮೇಲೆ ಎಂದಿನ ಕೆಲಸಗಳೇ. ಹುಡುಗಿಯ ಬಾಯಿ ಒರೆಸಿದಳು. ನೆಲ ಸಾರಿಸಿದಳು. ಗೂಟದ ಮೇಲಿದ್ದ ಯಾರದೋ ಒಣ ಪಂಚೆಯಿಂದ ತಲೆ ಉಜ್ಜಿದಳು. ಒಲೆಯ ಮೇಲಿನ ಗಂಜಿಯ ತಿಳಿಯನ್ನು ಬಟ್ಟಲಿಗೆ ಬಗ್ಗಿಸಿ, ಉಪ್ಪು ಹಾಕಿ, ಊದಿ ಊದಿ ಗುಟುಕು ಗುಟುಕಾಗಿ ಕುಡಿಸಿದಳು. ಮೊದಲ ಗುಟುಕು ಹೊರಗೆ ಬಂತು. ಎರಡನೆಯದು ನಿಂತಿತು. ಕಂಬಳಿ ಹೊದಿಸಿ, ಪಾದಗಳನ್ನು ತನ್ನ ಅಂಗೈಯಲ್ಲಿ ಹಿಡಿದು ಉಜ್ಜುತ್ತಾ ಕೂತಳು. ಹಸುವನ್ನು ಸಂಭಾಳಿಸಿ ಬಂದ ಮನೆಯವಳು ಬಾಗಿಲಲ್ಲಿ ನಿಂತು ನೋಡಿದಳು, ತನ್ನದೊಂದು ಒಣ ಸೀರೆ ತಂದು ಇವಳ ಮಡಿಲಿಗೆ ಹಾಕಿ ಅಡುಗೆಮನೆಗೆ ಹೋದಳು.

ಬಹಳ ಹೊತ್ತಿನ ಮೇಲೆ ರತ್ನಳ ಹಣೆಯಲ್ಲಿ ಬೆವರು ಒಡೆಯಿತು. ಅವಳು ಕಣ್ಣು ಬಿಟ್ಟು ಪಕ್ಕದಲ್ಲಿದ್ದ ಮುಖವನ್ನು ಗುರುತಿಸಿದಳು.

‘ಒಳಕ್ಕೆ ಬಂದ್ಬುಟ್ರಾ ಅತ್ತೆಮ್ಮ?’

‘ಬಂದೆ.’

‘ಇನ್ನು ಊರಾಗೆ ಏನಂತಾರೆ?’

‘ಏನಂತಾರೆ? ನಿನ್ನ ಗಂಡ ನಿನ್ನ ಎತ್ಕೊಂಡು ಬಂದ. ನಿನ್ನ ಕಾಲು ಒಸ್ತಿಲಿಗೆ ತಾಕೇ ಇಲ್ಲ. ದಾಟಿದ್ದು ನಾನೊಬ್ಳೆ. ಕಾಲ್ಗುಣ ಅನ್ನೋರು ನನ್ನ ಕಾಲಿಗೆ ಅನ್ನಲಿ. ಬಾವಿಕಟ್ಟೇಲಿ ನಿಂತು ನಾನೇ ಏಳ್ತೀನಿ.’

ಹೇಳಿದ ಮೇಲೆ ಅವಳಿಗೇ ಸ್ವಲ್ಪ ಆಶ್ಚರ್ಯವಾಯಿತು. ಇಷ್ಟು ಸಣ್ಣ ಮಾತು. ಇನ್ನೊಬ್ಬಳಿಗಾಗಿ ಇದನ್ನೇ ಹೇಳಲು ಒಂದು ಕಾಲದಲ್ಲಿ ಬಾಯಿ ಬಂದಿರಲಿಲ್ಲ.

ರತ್ನ ಹೊಸ್ತಿಲಿನ ಕಡೆಗೆ ಕಣ್ಣು ಹೊರಳಿಸಿದಳು. ‘ಮತ್ತೆ ಆಚೆಗೆ ಓಗುವಾಗ?’

‘ಅವಾಗ್ಲೂ ಎತ್ಕೊಂಡೇ ಓಯ್ತಾನೆ. ಕೈಗೆ ಬೇರೆ ಏನು ಕೆಲ್ಸ ಐತೆ ಅವ್ನಿಗೆ? ಡೇರೆ ಅಂತೂ ಇಲ್ಲ ಕಟ್ಟಾಕೆ.’

ಹುಡುಗಿಯ ಬಿರಿದ ತುಟಿ ನಗಲು ಹೋಗಿ ನೋವಿಗೆ ನಿಂತಿತು. ಲಕ್ಷ್ಮಿದೇವಮ್ಮ ಒಣ ಸೀರೆ ಸುತ್ತಿಕೊಂಡು ಬಂದು ಗೋಡೆಗೆ ಒರಗಿ ಕೂತಳು. ಹೆಂಚಿನ ಮೇಲೆ ಮಳೆ ಒಂದೇ ಸಮನೆ ಬೀಳುತ್ತಿತ್ತು. ಅದರ ನಡುವೆ ರಸ್ತೆಯ ಕಡೆಯಿಂದ ಕೆಸರಿನಲ್ಲಿ ಏದುಸಿರು ಬಿಡುವ ಎಂಜಿನ್ನಿನ ಸದ್ದು ಕೇಳಿಸಿತು. ಲಾಲ್ ಸಾಬರು ಯಾರನ್ನೋ, ಬಹುಶಃ ಗಾಲಿಯನ್ನೇ, ಬೈಯುತ್ತಿದ್ದ ದನಿಯೂ ಕೇಳಿಸಿತು.

‘ಬಂದ್ರು ಅತ್ತೆಮ್ಮ.’

‘ಬರಲಿ,’ ಎಂದು ಲಕ್ಷ್ಮಿದೇವಮ್ಮ ಚಾಪೆಯ ಮೇಲೆ ಕೈಯೂರಿದಳು. ‘ನೀನು ಅತ್ಲಾಗೆ ಒಸಿ ಜರುಗು. ನಂಗೂ ಮಲಗಬೇಕು.’